ಮನೆಗೆ ಕಷ್ಟ ಬಂದಾಗ ಪಾಕಶಾಸ್ತ್ರದ ಕಲಿಕೆಗೆ ನೆರವು ಕೇಳುವ ಬಗೆ

ದುಡಿಯುತ್ತಿದ್ದ ತಂದೆಯನ್ನು ಕಳೆದುಕೊಂಡು ಪಾಕಶಾಸ್ತ್ರದ ಕೋರ್ಸಿಗೆ ನೆರವು ಹುಡುಕುತ್ತಿರುವ ಹಾಸನ ಜಿಲ್ಲೆಯ ವಿದ್ಯಾರ್ಥಿಗಳು ಮೊದಲು ತಮ್ಮ ಹೋಬಳಿಯ ನಾಡಕಚೇರಿಯಲ್ಲಿ ಹೊಸ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು. ಹಳೆಯ ಪತ್ರದಲ್ಲಿ ತಂದೆಯ ಗಳಿಕೆಯೇ ಉಳಿದಿದ್ದರೆ ಈಗಿನ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಬಳಿಕ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಿ.

ಸಾಲಕ್ಕೆ ವಿದ್ಯಾಲಕ್ಷ್ಮಿ ಪೋರ್ಟಲ್ ಇದೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಅಡಮಾನ ಬೇಕಿಲ್ಲ.

ಪ್ರಾಂಶುಪಾಲರಿಗೆ ಬರೆಯುವ ಪತ್ರದಲ್ಲಿ, ನನ್ನ ದೃಷ್ಟಿಯಲ್ಲಿ, ಗೋಳಿಗಿಂತ ಲೆಕ್ಕ ಮುಖ್ಯ: "ತಾಯಿಯ ಕಾಫಿ ತೋಟದ ಕೂಲಿಯೇ ನಮಗೆ ಆಧಾರ, ಬೋಧನಾ ಶುಲ್ಕ ಹೊಂದಿಸಿದ್ದೇವೆ, ಸಮವಸ್ತ್ರ ಮತ್ತು ಚಾಕುಗಳ ಸೆಟ್ಟಿನ ಹಣವನ್ನು ಎರಡು ಕಂತುಗಳಲ್ಲಿ ಕಟ್ಟಲು ಅವಕಾಶ ಕೊಡಿ" ಎಂಬಷ್ಟು ಸ್ಪಷ್ಟವಾಗಿರಲಿ. ಮರಣ ಪ್ರಮಾಣಪತ್ರದ ನಕಲು ಲಗತ್ತಿಸಿ, ಪತ್ರ ತಲುಪಿದ್ದಕ್ಕೆ ಸ್ವೀಕೃತಿ ಪಡೆದುಕೊಳ್ಳಿ.