ಬಾಡಿಗೆ ಮನೆಯ ಕರೆಂಟು: ಯಜಮಾನರ ಪಾಲು ಯಾವುದು, ನಮ್ಮದು ಯಾವುದು

ಕಾಸರಗೋಡು, ಕುಂಬಳೆ, ಉಪ್ಪಳ, ಬದಿಯಡ್ಕ ಕಡೆ ಬಾಡಿಗೆ ಮನೆ ನೋಡುವವರು ಮೊದಲು ಕೇಳುವುದು ಬಾವಿಯಲ್ಲಿ ಬೇಸಿಗೆಗೂ ನೀರು ಇರುತ್ತದಾ ಅಂತ. ಕೇಳಲೇಬೇಕು. ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಿ: "ಮನೆಗೆ ಇಎಲ್‌ಸಿಬಿ ಇದೆಯಾ? ಕೆಲಸ ಮಾಡುತ್ತದಾ?" ಕರೆಂಟು ಸೋರಿದರೆ ತಾನಾಗಿ ಲೈನ್ ಕಡಿಯುವ ಪೆಟ್ಟಿಗೆ ಅದು. ಅಡ್ವಾನ್ಸ್ ಕೊಡುವ ಮೊದಲೇ ಕೇಳಿ. ಕೊಟ್ಟ ಮೇಲೆ ಉತ್ತರ ಬರುವುದು ನಿಧಾನ.

ಕರ್ನಾಟಕದಿಂದ ಬಂದವರು ಗಮನಿಸಿ, ಇಲ್ಲಿ ಮೆಸ್ಕಾಂ ಇಲ್ಲ, ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿ. ಮನೆ ಬಿಲ್ ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ ಬರುತ್ತದೆ. ಅದರಲ್ಲಿರುವ ಕನ್ಸ್ಯೂಮರ್ ನಂಬರ್ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ದೂರು ಕೊಡುವಾಗ ಅದು ಬೇಕು.

ಜವಾಬ್ದಾರಿಯ ಲೆಕ್ಕ ಸುಲಭ. ಕಂಬದಿಂದ ಮೀಟರಿನವರೆಗೆ ಕೆಎಸ್‌ಇಬಿ ನೋಡಿಕೊಳ್ಳುತ್ತದೆ. ಮೀಟರಿನಿಂದ ಈಚೆಗಿನ ಮೈನ್ ಸ್ವಿಚ್, ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ), ಗೋಡೆಯೊಳಗಿನ ವಯರ್, ಪ್ಲಗ್ ಪಾಯಿಂಟ್ ಎಲ್ಲ ಯಜಮಾನರದ್ದು. ಪ್ಲಗ್ಗಿಗೆ ಸಿಕ್ಕಿಸುವ ಸಾಮಾನು ನಮ್ಮದು. ಬಾಡಿಗೆಯವರು ತಮ್ಮ ಖರ್ಚಿನಲ್ಲಿ ವಯರಿಂಗ್ ಸರಿ ಮಾಡಿಸಿಕೊಳ್ಳಬೇಕು ಅಂತ ಯಾರಾದರೂ ಹೇಳಿದರೆ ಸುಮ್ನೆ ಒಪ್ಪಬೇಡಿ.

ಇನ್ನು ಇಎಲ್‌ಸಿಬಿ. ಹೊಸ ಪೆಟ್ಟಿಗೆಗಳ ಮೇಲೆ ಆರ್‌ಸಿಸಿಬಿ ಅಂತ ಬರೆದಿರುತ್ತದೆ. "ಎಂಸಿಬಿ ಇದೆಯಲ್ಲ, ಸಾಕು" ಅನ್ನುವವರು ಜಾಸ್ತಿ. ಸಾಕಾಗುವುದಿಲ್ಲ. ಎಂಸಿಬಿ ಇರುವುದು ವಯರ್ ಬಿಸಿಯಾಗಿ ಸುಡದಂತೆ ನೋಡಿಕೊಳ್ಳಲಿಕ್ಕೆ. ಮನುಷ್ಯನ ಮೈಯಲ್ಲಿ ಕರೆಂಟು ಹರಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ, ಅಷ್ಟು ಸಣ್ಣ ಪ್ರಮಾಣ ಅದು. ಮನೆಗೆ ಹಾಕುವ ಇಎಲ್‌ಸಿಬಿ 30 ಮಿಲಿ ಆಂಪಿಯರ್ ಸೋರಿಕೆಯಾದರೆ ಲೈನ್ ಕಡಿಯುತ್ತದೆ. ಪೆಟ್ಟಿಗೆಯಲ್ಲಿ 'ಟಿ' ಅಂತ ಬರೆದ ಪುಟ್ಟ ಬಟನ್ ಇರುತ್ತದೆ. ಯಜಮಾನರ ಎದುರೇ ಒತ್ತಿ. ಟಕ್ ಅಂತ ಬಿದ್ದು ಇಡೀ ಮನೆ ಕತ್ತಲಾಗಬೇಕು. ಲಿವರ್ ಬೀಳದಿದ್ದರೆ ಅದು ಕೆಟ್ಟಿರಬಹುದು. ಬಿದ್ದರೂ ಎಲ್ಲೋ ಒಂದು ಫ್ಯಾನ್ ತಿರುಗುತ್ತಿದ್ದರೆ ಆ ಲೈನನ್ನು ಬೈಪಾಸ್ ಮಾಡಿರಬಹುದು, ಇಲ್ಲವೇ ಅದು ಇನ್ವರ್ಟರ್ ಲೈನ್. ಯಾವುದು ಅಂತ ಕೇಳಿ ತಿಳಿದುಕೊಳ್ಳಿ.

ಬೈಪಾಸ್ ಮಾಡುವುದಕ್ಕೆ ಕಾರಣ ನಮ್ಮ ಮಳೆಗಾಲ. ಜೂನ್ ಬಂತೆಂದರೆ ಗೋಡೆ ಒದ್ದೆ, ಹೊರಗಿನ ಲೈಟು ಒದ್ದೆ, ಬಾವಿಕಟ್ಟೆಯ ಪಂಪ್ ಬೋರ್ಡ್ ತಗಡಿನ ಕೆಳಗಿದ್ದರೂ ಒದ್ದೆ. ದಿನಕ್ಕೆ ನಾಲ್ಕು ಸಲ ಟ್ರಿಪ್ ಆಗುತ್ತದೆ. ಸೋರುವ ಜಾಗ ಹುಡುಕುವ ಬದಲು ಇಎಲ್‌ಸಿಬಿಯನ್ನೇ ತಪ್ಪಿಸಿ ಜೋಡಿಸಿಬಿಡುತ್ತಾರೆ. ಕೇಳಿದರೆ "ಮೂವತ್ತು ವರ್ಷದಿಂದ ಏನೂ ಆಗಿಲ್ಲ ಮಾರಾಯ್ರೇ" ಎಂಬ ಉತ್ತರ. ಅಂಥ ಮನೆಯಲ್ಲಿ ಮಕ್ಕಳನ್ನು ಇಟ್ಟುಕೊಂಡು ಇರಬೇಡಿ ಅಂತಲೇ ನಮ್ಮ ಸಲಹೆ, ಬಾಡಿಗೆ ಎಷ್ಟೇ ಕಮ್ಮಿ ಇರಲಿ.

ಅರ್ಥಿಂಗ್ ಹೊಂಡ ಎಲ್ಲಿದೆ ಅಂತಲೂ ಕೇಳಿ. ನಮ್ಮದು ಮುರಕಲ್ಲಿನ ನೆಲ. ಮಾರ್ಚ್‌, ಏಪ್ರಿಲ್‌ನಲ್ಲಿ ಒಣಗಿ ಬಿರುಕು ಬಿಟ್ಟಾಗ ಅರ್ಥಿಂಗ್ ದುರ್ಬಲವಾಗುತ್ತದೆ. ಆಗಾಗ ಹೊಂಡಕ್ಕೆ ನೀರು ಹೊಯ್ಯಬೇಕು. ಹಳೇ ಹೆಂಚಿನ ಮನೆಗಳಲ್ಲಿ ತ್ರೀ ಪಿನ್ ಸಾಕೆಟ್ ಇದ್ದರೂ ಮೇಲಿನ ತೂತಿಗೆ ವಯರೇ ಇರದಿರುವುದುಂಟು. ಫ್ರಿಜ್ ಮುಟ್ಟಿದಾಗ ಜುಂ ಅಂದರೆ ಅಲ್ಲೇ ನಿಲ್ಲಿಸಿ, ವಯರ್‌ಮನ್‌ಗೆ ತೋರಿಸಿ. ಲೈಸೆನ್ಸ್ ಇರುವವರೇ ಆಗಬೇಕು. ಪಕ್ಕದ ಮನೆಯ ಕೈಚಳಕದ ಹುಡುಗ ಬೇಡ.

ನಮ್ಮ ಪಾಲಿಗೆ ಬರುವ ತಪ್ಪುಗಳೂ ಇವೆ. ಇಂಡಕ್ಷನ್ ಒಲೆ, ಗೀಸರ್ 2000 ವಾಟ್ ಇದ್ದರೆ ಸುಮಾರು 9 ಆಂಪಿಯರ್ ಎಳೆಯುತ್ತವೆ. 6 ಆಂಪಿಯರ್ ಸಾಕೆಟ್ಟಿಗೆ ಕನ್ವರ್ಟರ್ ಪಿನ್ ಹಾಕಿ ಸಿಕ್ಕಿಸಿದರೆ ಬೋರ್ಡ್ ಕರಗುತ್ತದೆ. 16 ಆಂಪಿಯರ್ ಪಾಯಿಂಟ್ ಇಲ್ಲದಿದ್ದರೆ ಹಾಕಿಸಿಕೊಡಿ ಅಂತ ಯಜಮಾನರನ್ನೇ ಕೇಳಿ. ಬಟ್ಟೆ ಒಣಗಿಸುವ ಕಬ್ಬಿಣದ ತಂತಿಯನ್ನು ಕಂಬಕ್ಕೋ ಅಲ್ಲಿಂದ ಮನೆಗೆ ಬರುವ ಸರ್ವಿಸ್ ವಯರ್ ಹಾದುಹೋಗುವ ಕಡೆಗೋ ಕಟ್ಟಬೇಡಿ. ಪ್ಲಾಸ್ಟಿಕ್ ಹಗ್ಗ ಸಾಕು. ಅಂಗಳದ ತೆಂಗಿನಕಾಯಿ ಕೀಳಲು ಅಲ್ಯೂಮಿನಿಯಂ ದೋಟಿ, ಏಣಿ ಎತ್ತುವ ಮುನ್ನ ಮೇಲೆ ಲೈನ್ ಇದೆಯಾ ನೋಡಿ. ತುಲಾ ತಿಂಗಳ (ಅಕ್ಟೋಬರ್, ನವೆಂಬರ್) ಸಂಜೆ ಗುಡುಗು ಶುರುವಾದರೆ ಟಿವಿ, ರೂಟರ್ ಪ್ಲಗ್ ಕಿತ್ತಿಡಿ.

ಇನ್ವರ್ಟರ್ ಇರುವ ಮನೆಯಲ್ಲಿ ಮೈನ್ ಆಫ್ ಮಾಡಿದರೂ ಆ ಲೈನಿನಲ್ಲಿ ಕರೆಂಟು ಇರುತ್ತದೆ. ಎರಡನ್ನೂ ಆಫ್ ಮಾಡದೆ ಯಾವ ಬೋರ್ಡನ್ನೂ ಬಿಚ್ಚಬೇಡಿ.

ಕರಾರುಪತ್ರದಲ್ಲಿ ಒಂದು ಸಾಲು ಬರೆಸಿ: ವಯರಿಂಗ್, ಅರ್ಥಿಂಗ್, ಇಎಲ್‌ಸಿಬಿ ರಿಪೇರಿ ಖರ್ಚು ಯಜಮಾನರದ್ದು. ಏನಾದರೂ ಕೆಟ್ಟರೆ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿ, ಬಾಯಿಮಾತು ಬೇಡ. ತಾರೀಖು ಉಳಿಯುತ್ತದೆ. ಜಗಳವಾಯಿತೆಂದು ಯಜಮಾನರು ಫ್ಯೂಸ್ ಕಿತ್ತುಕೊಂಡು ಹೋಗುವಂತಿಲ್ಲ. 1965ರ ಕೇರಳ ಬಾಡಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುವ ಕಡೆ ಇಂಥ ಸೌಕರ್ಯ ತಡೆಯುವುದಕ್ಕೆ ನಿಷೇಧವಿದೆ. ಮಾತಿಗೆ ಬಗ್ಗದಿದ್ದರೆ ಕಾಗದಗಳ ಸಮೇತ ನಮ್ಮ ಸಂಘಕ್ಕೆ ಬನ್ನಿ, ಮಲಯಾಳಂ ಓದಲು ಬರೆಯಲು ಬರುವವರು ಇದ್ದಾರೆ.

ಮಳೆಗಾಳಿಗೆ ತಂತಿ ತುಂಡಾಗಿ ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಯಾರನ್ನೂ ಬಿಡಬೇಡಿ. ಕೆಎಸ್‌ಇಬಿಯ 1912ಕ್ಕೆ ಫೋನ್ ಮಾಡಿ, ಹತ್ತಿರದ ಕಂಬದ ನಂಬರ್ ಕಾಣುತ್ತಿದ್ದರೆ ದೂರದಿಂದಲೇ ಓದಿ ಹೇಳಿ.