ಸ್ಪೈಡರ್‌ಮ್ಯಾನ್ ಕಥೆಯಲ್ಲಿ ಒಂದೇ ಒಂದು ಸಂಗತಿ ಬದಲಾಯಿಸಿ: ಅಭಿಮಾನಿಗಳಿಗೆ ಚಿತ್ರಕಥೆ ಬರೆಯುವ ದಾರಿ

ಇಷ್ಟದ ಸೂಪರ್‌ಹೀರೋ ಕಥೆಯನ್ನು ನಮ್ಮದೇ ರೀತಿಯಲ್ಲಿ ಬರೆಯೋಣ ಅಂತ ಕೂತವರು ಸಾಮಾನ್ಯವಾಗಿ ಮೊದಲ ದಿನವೇ ಎಲ್ಲವನ್ನೂ ಬದಲಾಯಿಸಿಬಿಡುತ್ತಾರೆ. ಊರು ಬೇರೆ, ಶಕ್ತಿ ಬೇರೆ, ವಿಲನ್ ಬೇರೆ. ಹತ್ತು ಪುಟ ದಾಟುವಷ್ಟರಲ್ಲಿ ಇದು ಯಾರ ಕಥೆ ಅಂತಲೇ ಗೊತ್ತಾಗುವುದಿಲ್ಲ. ಹಾಗೆ ಮಾಡಬೇಡಿ. ಒಂದೇ ಒಂದು ಸಂಗತಿ ಬದಲಾಯಿಸಿ, ಉಳಿದದ್ದನ್ನು ಇದ್ದ ಹಾಗೇ ಬಿಡಿ, ಆ ಒಂದರಿಂದ ಏನೇನು ಅಲುಗಾಡುತ್ತದೆ ಅಂತ ನೋಡುತ್ತಾ ಹೋಗಿ.

ಸ್ಪೈಡರ್‌ಮ್ಯಾನ್‌ನನ್ನೇ ತಗೊಳ್ಳೋಣ. 1962ರ ಮೊದಲ ಕಾಮಿಕ್ಸ್‌ನಲ್ಲಿ, ಮುಖವಾಡದ ಹಿಂದಿರುವ ಹುಡುಗ ಪೀಟರ್ ಪಾರ್ಕರ್ ಪಕ್ಕದಲ್ಲೇ ಓಡಿಹೋಗುವ ಕಳ್ಳನನ್ನು ತಡೆಯುವುದಿಲ್ಲ, ಅದು ತನ್ನ ಕೆಲಸ ಅಲ್ಲ ಅಂತ ಬಿಟ್ಟುಬಿಡುತ್ತಾನೆ. ಅದೇ ಕಳ್ಳ ಮುಂದೆ ದೊಡ್ಡಪ್ಪ ಬೆನ್‌ನನ್ನು ಕೊಲ್ಲುತ್ತಾನೆ. ಇಡೀ ಕಥೆ ನಿಂತಿರುವುದು ಆ ತಪ್ಪಿನ ಭಾರದ ಮೇಲೆ. ಬೆನ್ ಬದುಕಿದ್ದಿದ್ದರೆ? ಎಲ್ಲರಿಗೂ ಮೊದಲು ಹೊಳೆಯುವುದು ಇದೇ, ಮತ್ತು ಇಂಥ 'ಹೀಗಾಗಿದ್ದರೆ' ಕಥೆಗಳಿಗೆ ಅಂತಲೇ ಸ್ಪೈಡರ್‌ಮ್ಯಾನ್ ಕಾಮಿಕ್ಸ್ ಹೊರತರುವ ಮಾರ್ವೆಲ್ ಕಂಪನಿ 1977ರಲ್ಲಿ ಒಂದು ಸರಣಿ ಶುರು ಮಾಡಿತ್ತು. ಆದರೆ ಬೆನ್ ಉಳಿದರೆ ಪೀಟರ್‌ಗೆ ಮುಖವಾಡ ಹಾಕಲು ಕಾರಣವೇ ಇರುವುದಿಲ್ಲ, ಹೊಸ ಕಾರಣ ಹುಡುಕುವುದರಲ್ಲೇ ನಿಮ್ಮ ಶಕ್ತಿಯೆಲ್ಲಾ ಖರ್ಚಾಗುತ್ತದೆ. ಬೆನ್ನೆಲುಬನ್ನು ಮುಟ್ಟಬೇಡಿ, ಅದರ ಪಕ್ಕದ್ದನ್ನು ಮುಟ್ಟಿ.

ನನ್ನ ಆಯ್ಕೆ ಹೇಳುತ್ತೇನೆ: ಪೀಟರ್‌ನ ಗುಟ್ಟು ದೊಡ್ಡಮ್ಮ ಮೇಗೆ ಮೊದಲ ರಾತ್ರಿಯಿಂದಲೇ ಗೊತ್ತು. ಅವಳಿಗೆ ಗೊತ್ತು ಅನ್ನುವುದು ಪೀಟರ್‌ಗೆ ಗೊತ್ತಿಲ್ಲ. ಅಷ್ಟೇ ಬದಲಾವಣೆ. ಈಗ ಮೂಲ ಕಥೆಯ ಮುಖ್ಯ ಘಟನೆಗಳನ್ನು ಸಾಲಿಗೊಂದರಂತೆ ಬರೆದುಕೊಳ್ಳಿ, ಪ್ರತಿಯೊಂದರ ಮುಂದೆ 'ಇದು ಹಾಗೇ ಉಳಿಯುತ್ತಾ?' ಅಂತ ಕೇಳಿ. ಸ್ಪೈಡರ್‌ಮ್ಯಾನ್ ಅಪಾಯಕಾರಿ ಅಂತ ಬರೆಯುವ ಜೇಮ್ಸನ್‌ನ ಪತ್ರಿಕೆಗೇ ಪೀಟರ್ ತನ್ನ ಫೋಟೋ ಮಾರುತ್ತಾನೆ, ಆ ದುಡ್ಡಲ್ಲೇ ಮನೆ ನಡೆಯುತ್ತದೆ. ಮೂಲದಲ್ಲಿ ಇದು ಪೀಟರ್ ಒಬ್ಬನ ಸಂಕಟ. ನಿಮ್ಮ ಕಥೆಯಲ್ಲಿ ಆ ದುಡ್ಡು ಹೇಗೆ ಬಂತು ಅಂತ ತಿಳಿದೇ ಮೇ ಅಂಗಡಿಗೆ ಹೋಗಿ ಬ್ರೆಡ್ ತರುತ್ತಾಳೆ. ಮಗು ಪ್ರಾಣ ಪಣಕ್ಕಿಟ್ಟು ತಂದ ದುಡ್ಡು ಅದು. ನೀವು ಬೇರೇನೂ ಸೇರಿಸಲಿಲ್ಲ, ಆದರೂ ಹೊಸ ದೃಶ್ಯವೊಂದು ಸಿಕ್ಕಿತು, ಅಲ್ವಾ?

ಈಗ ಬರವಣಿಗೆ. ಚಿತ್ರಕಥೆಯಲ್ಲಿ ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು ಮಾತ್ರ ಇರಬೇಕು. 'ಮೇಗೆ ಎಲ್ಲಾ ಗೊತ್ತು, ಆದರೂ ನೋವು ನುಂಗಿಕೊಂಡು ಸುಮ್ಮನಿದ್ದಾಳೆ' ಅಂತ ಬರೆದರೆ ಕ್ಯಾಮೆರಾ ಅದನ್ನು ಹೇಗೆ ತೋರಿಸಬೇಕು? ಹೀಗೆ ಬರೆಯಿರಿ:

ಒಳಗೆ – ಪಾರ್ಕರ್ ಮನೆ, ಅಡುಗೆಮನೆ – ಬೆಳಗ್ಗೆ

ಪೀಟರ್ ಬ್ಯಾಗ್ ತೆರೆಯುತ್ತಾನೆ. ಪುಸ್ತಕಗಳ ಕೆಳಗೆ ಕೆಂಪು ಮುಖವಾಡ. ರಾತ್ರಿ ಹರಿದಿದ್ದ ಕಡೆ ಹೊಲಿಗೆ ಬಿದ್ದಿದೆ. ದಾರದ ಕೆಂಪು ಬಟ್ಟೆಯ ಕೆಂಪಿಗೆ ಹೊಂದುತ್ತಿಲ್ಲ. ಅವನು ತಲೆ ಎತ್ತುತ್ತಾನೆ. ಮೇ ಒಲೆ ಕಡೆ ತಿರುಗಿ ನಿಂತಿದ್ದಾಳೆ.

ಮೇ: ಇವತ್ತೂ ತಡ ಆಗುತ್ತಾ?

ಪೀಟರ್ (ಬ್ಯಾಗ್ ಮುಚ್ಚುತ್ತಾ): ಲೈಬ್ರರಿಗೆ ಹೋಗಬೇಕು, ದೊಡ್ಡಮ್ಮ.

ಮೇ: ಊಟ ಮುಚ್ಚಿಟ್ಟಿರುತ್ತೀನಿ.

ಇಲ್ಲಿ ಯಾರೂ ಸ್ಪೈಡರ್‌ಮ್ಯಾನ್ ಅನ್ನಲಿಲ್ಲ. ಮೊದಲ ಡ್ರಾಫ್ಟಿನಲ್ಲಿ ಮೇ ಬಾಯಲ್ಲಿ 'ನನಗೆ ಎಲ್ಲಾ ಗೊತ್ತು ಪೀಟರ್' ಅಂತ ಬರೆಸುವ ಆಸೆ ಖಂಡಿತ ಬರುತ್ತದೆ. ಆ ಮಾತನ್ನು ಎಷ್ಟು ದೂರ ತಳ್ಳಲು ಸಾಧ್ಯವೋ ಅಷ್ಟು ತಳ್ಳಿ. ಹೊಡೆದಾಟದ ದೃಶ್ಯಗಳನ್ನು ಚಿಕ್ಕದಾಗಿಡಿ. ಯಾರು ಯಾರಿಗೆ ಎಲ್ಲಿ ಗುದ್ದಿದರು ಅನ್ನುವುದು ಓದುವವರಿಗೆ ಬೇಡ, ಆ ಜಗಳದಿಂದ ಏನು ಬದಲಾಯಿತು ಅನ್ನುವುದು ಬೇಕು.

ಫಾರ್ಮ್ಯಾಟ್ ಬಗ್ಗೆ ಜಾಸ್ತಿ ಹೆದರಬೇಡಿ. ಪ್ರತಿ ದೃಶ್ಯಕ್ಕೆ ತಲೆಬರಹ, ಕೆಳಗೆ ಕ್ರಿಯೆ, ಆಮೇಲೆ ಮಾತು, ಅಷ್ಟೇ. ಫೌಂಟನ್ ಅನ್ನುವ ಉಚಿತ ವಿಧಾನದಲ್ಲಿ ಸಾದಾ ಟೆಕ್ಸ್ಟ್ ಫೈಲಿನಲ್ಲೇ ಬರೆಯಬಹುದು. ಆದರೆ ಅದು ಪಾತ್ರದ ಹೆಸರನ್ನು ಗುರುತಿಸುವುದು ಇಂಗ್ಲಿಷ್ ದೊಡ್ಡಕ್ಷರಗಳಿಂದ, ಕನ್ನಡದಲ್ಲಿ ದೊಡ್ಡಕ್ಷರ ಎಲ್ಲಿಂದ ತರುವುದು? ಹೆಸರಿನ ಮೊದಲು @ ಹಾಕಿ, ದೃಶ್ಯದ ತಲೆಬರಹದ ಮೊದಲು ಒಂದು ಚುಕ್ಕಿ ಇಡಿ, ಸರಿಹೋಗುತ್ತದೆ. ಮಾತುಗಳನ್ನು ಹೆಸರಿನ ಪಕ್ಕದಲ್ಲಲ್ಲ, ಕೆಳಗಿನ ಸಾಲಿನಲ್ಲಿ ಬರೆಯಬೇಕು. ಇನ್ನೊಂದು ವಿಷಯ. ಒಂದು ಪುಟ ಅಂದರೆ ಸುಮಾರು ಒಂದು ನಿಮಿಷ ಅನ್ನುವ ಲೆಕ್ಕ 12 ಪಾಯಿಂಟ್ ಗಾತ್ರದ ಕೊರಿಯರ್ ಅನ್ನುವ ಇಂಗ್ಲಿಷ್ ಫಾಂಟಿಗೆ ಸೇರಿದ್ದು. ಕನ್ನಡ ಫಾಂಟಿಗೆ ಅದನ್ನು ನಂಬಬೇಡಿ. ಗಟ್ಟಿಯಾಗಿ ಓದಿ, ಮೊಬೈಲಿನಲ್ಲಿ ಸಮಯ ಅಳೆಯಿರಿ.

ಕಾನೂನಿನ ಮಾತು ಬೇಸರದ್ದು, ಆದರೂ ಬಿಡುವಂತಿಲ್ಲ. ಪಾತ್ರಗಳು ನಿಮ್ಮವಲ್ಲ, ಆದ್ದರಿಂದ ಮಾರಬೇಡಿ. ಕೆಲವು ಕಂಪನಿಗಳು ಗೆರೆ ಎಲ್ಲಿದೆ ಅಂತ ಬಾಯಿಬಿಟ್ಟು ಹೇಳಿವೆ. ಸ್ಟಾರ್ ಟ್ರೆಕ್ ಅನ್ನುವ ಬಾಹ್ಯಾಕಾಶ ಕಥೆಗಳ ಸರಣಿಯವರು 2016ರಲ್ಲಿ ಅಭಿಮಾನಿ ಸಿನಿಮಾಗಳಿಗೆ ನಿಯಮ ಹಾಕಿದರು: ಒಂದು ಕಥೆ 15 ನಿಮಿಷ ದಾಟಬಾರದು, ಎರಡು ಭಾಗ ಮಾಡಿದರೂ ಒಟ್ಟು 30 ನಿಮಿಷ, ಲಾಭಕ್ಕಾಗಿ ಮಾಡಬಾರದು. ನೀವು ಸುಮ್ನೆ ಬರೆದು ಗೆಳೆಯರಿಗೆ ಓದಲು ಕೊಡುವವರಾದರೂ ಶೂಟ್ ಮಾಡುವ ಯೋಚನೆ ಬಂದ ದಿನ ಇಂಥ ನಿಯಮಗಳನ್ನು ಮೊದಲು ಓದಿಕೊಳ್ಳಿ. ಮುಂದೆ ಮಾರುವ ಆಸೆ ಇದ್ದರೆ ಹಳೆಯ ವೈಜ್ಞಾನಿಕ ಕಥೆಗಳ ಕಡೆ ತಿರುಗಿ. ಅದೃಶ್ಯ ಮನುಷ್ಯನ ಕಥೆ ಬರೆದ ಎಚ್. ಜಿ. ವೆಲ್ಸ್ ತೀರಿಕೊಂಡದ್ದು 1946ರಲ್ಲಿ, ಭಾರತದಲ್ಲಿ ಹಕ್ಕು ಉಳಿಯುವುದು ಲೇಖಕ ಸತ್ತ ಮೇಲೆ 60 ವರ್ಷ, ಹಾಗಾಗಿ ಇಲ್ಲಿ ಅವರ ಕಥೆಗಳನ್ನು ಯಾರು ಬೇಕಾದರೂ ಬಳಸಬಹುದು. ಆದರೆ ಆಮೇಲೆ ಬಂದ ಸಿನಿಮಾಗಳು ಸೇರಿಸಿದ್ದನ್ನು ಎತ್ತಿಕೊಳ್ಳಬೇಡಿ, ಮೂಲ ಪುಸ್ತಕವನ್ನೇ ಓದಿ ಅಲ್ಲಿಂದ ಹೊರಡಿ.

ಬರೆದು ಮುಗಿದ ಮೇಲೆ ನಾಲ್ಕು ಜನ ಗೆಳೆಯರನ್ನು ಕೂರಿಸಿ ಪಾತ್ರ ಹಂಚಿ, ಜೋರಾಗಿ ಓದಿಸಿ. ನೀವು ಮಧ್ಯೆ ಏನನ್ನೂ ವಿವರಿಸಬೇಡಿ. ಅವರು ಎಲ್ಲಿ ನಿಂತು 'ಇದು ಯಾಕೆ ಹೀಗಾಯ್ತು?' ಅಂತ ಕೇಳುತ್ತಾರೋ ಆ ಪುಟಕ್ಕೆ ಗುರುತು ಹಾಕಿಕೊಳ್ಳಿ, ಎರಡನೇ ಡ್ರಾಫ್ಟ್ ಶುರು ಮಾಡುವುದು ಅಲ್ಲಿಂದ.