ಗೇಣುದ್ದದ ಆಂಟೆನಾ ನಂಬಿ ಹಾರಿಸಿದ್ದು

ಡಿಸ್ಕಸ್ ಲಾಂಚ್ ಗ್ಲೈಡರ್, ಅಂದರೆ ಡಿಸ್ಕಸ್‌ನಂತೆ ಸುತ್ತಿ ಎಸೆದು ರೇಡಿಯೋದಿಂದ ನಡೆಸುವ ಎಂಜಿನ್ನಿಲ್ಲದ ಮಾದರಿ ವಿಮಾನ, ಎಸೆಯುವವನಿಗೆ ಮೀಟರುದ್ದದ ಆಂಟೆನಾ ಒಂದು ಶನಿ. ಬಲಗೈ ಬೆರಳಲ್ಲಿ ರೆಕ್ಕೆ ತುದಿಯ ಗೂಟ ಹಿಡಿದು, ಎಡಗೈಯಲ್ಲಿ ಸಿಗ್ನಲ್ ಕಳಿಸುವ ಟ್ರಾನ್ಸ್‌ಮಿಟರ್ ಇಟ್ಟುಕೊಂಡು, ಗಿರ್ರನೆ ಒಂದು ಸುತ್ತು ತಿರುಗಿ ಬಿಡಬೇಕು. ಎರಡು ಸಲ ಆ ಸ್ಟೀಲ್ ಕಡ್ಡಿ ರೆಕ್ಕೆಗೇ ಬಡಿಯಿತು. ಆಗ ನಾನು ಸ್ಯಾನ್ ಡಿಯಾಗೋದಲ್ಲಿದ್ದೆ. ಮಾದರಿ ವಿಮಾನಗಳನ್ನು ಇನ್ನೂ 72 ಮೆಗಾಹರ್ಟ್ಸ್ ರೇಡಿಯೋದಲ್ಲಿ ನಡೆಸುತ್ತಿದ್ದ ಕಾಲ, ನನ್ನದು ಚಾನೆಲ್ 42. ತಡೆಯಲಾರದೆ ಗೇಣುದ್ದದ ರಬ್ಬರ್ ಆಂಟೆನಾ ತಂದು ತಿರುಪಿದೆ.

72 ಮೆಗಾಹರ್ಟ್ಸ್‌ನಲ್ಲಿ ಆಂಟೆನಾಕ್ಕೆ ಬೇಕಾದ ಉದ್ದ, ಅಂದರೆ ಅಲೆಯುದ್ದದ ಕಾಲು ಭಾಗ, ಸುಮಾರು 1.03 ಮೀಟರ್. ಅದನ್ನು ಗೇಣಿಗೆ ಇಳಿಸಲು ರಬ್ಬರಿನೊಳಗೆ ತಂತಿಯನ್ನು ಸ್ಪ್ರಿಂಗಿನಂತೆ ಸುತ್ತಿರುತ್ತಾರೆ. ಶ್ರುತಿಯೇನೋ ಕೂಡುತ್ತದೆ, ಗಂಟಲು ಮಾತ್ರ ಸಣ್ಣ. ಕಳಿಸಿದ ಶಕ್ತಿಯಲ್ಲಿ ಒಂದಷ್ಟು ಸುರುಳಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಶ್ರುತಿಯೂ ನಾಜೂಕು, ಕೈ ಹತ್ತಿರ ತಂದರೂ ಜಾರುತ್ತದೆ.

ಹಾರಿಸುವ ಮೊದಲು ಗೆಳೆಯನಿಗೆ ಗ್ಲೈಡರನ್ನು ಭುಜದೆತ್ತರ ಹಿಡಿಸಿ, ಸಿಗ್ನಲ್ ಎಷ್ಟು ದೂರ ಮುಟ್ಟುತ್ತದೆಂದು ನೋಡಲು ಟ್ರಾನ್ಸ್‌ಮಿಟರ್ ಹಿಡಿದು ಹೆಜ್ಜೆ ಎಣಿಸುತ್ತ ನಡೆದೆ. ಉದ್ದ ಕಡ್ಡಿಯಲ್ಲಿ ಮೈದಾನದ ಬೇಲಿ ಮುಟ್ಟಿದರೂ ಸರ್ವೋ (ವಿಮಾನದ ಚುಕ್ಕಾಣಿ ತಿರುಗಿಸುವ ಪುಟ್ಟ ಮೋಟಾರು) ತಾನಾಗಿ ನಡುಗಲಿಲ್ಲ. ಗಿಡ್ಡದರಲ್ಲಿ ಇನ್ನೂರೈವತ್ತು ಹೆಜ್ಜೆಗೆ ಬಾಲದ ಚುಕ್ಕಾಣಿ, ರಡ್ಡರ್, ನಡುಗತೊಡಗಿತು. ಆಂಟೆನಾ ತುದಿಯನ್ನು ನೇರ ವಿಮಾನದತ್ತ ಚಾಚಿದರೆ ಇನ್ನೂ ಬೇಗ. ಗಾಳಿಗೇರಿದ ಮೇಲೆ ನೆಲದಲ್ಲಿ ಸಿಕ್ಕಿದ್ದಕ್ಕಿಂತ ಹೆಚ್ಚೇ ದೂರ ಸಿಗುತ್ತದೆ. ಒಂದೂವರೆ ಮೀಟರ್ ರೆಕ್ಕೆಯ ಗ್ಲೈಡರ್ ಅದಕ್ಕಿಂತ ದೂರ ಹೋದರೆ ನನ್ನ ಕಣ್ಣಿಗೇ ಕಾಣುವುದಿಲ್ಲ. ಸಾಕು ಅನ್ನಿಸಿತು, ಸಾಕೂ ಆಯಿತು.

ಕೈಕೊಟ್ಟದ್ದು ದೂರ ಅಲ್ಲ. ಏಳೆಂಟು ತಿಂಗಳಾದ ಮೇಲೊಂದು ದಿನ ಎಸೆದ ಕೂಡಲೇ, ಐವತ್ತು ಅಡಿಯೊಳಗೇ, ವಿಮಾನ ಬಾಲ ಬಡಿದುಕೊಂಡು ಪೊದೆಗೆ ಬಿತ್ತು. ಮೊದಲು ವಿಮಾನದೊಳಗೆ ಸಿಗ್ನಲ್ ಹಿಡಿಯುವ ರಿಸೀವರನ್ನು ಬೈದೆ. ಚಾನೆಲ್ ಗೊತ್ತುಮಾಡುವ ಕ್ರಿಸ್ಟಲ್ ಬದಲಿಸಿದೆ, ಬ್ಯಾಟರಿ ಬದಲಿಸಿದೆ. ರಿಸೀವರಿನ ಮೀಟರುದ್ದದ ತಂತಿ ಕಾರ್ಬನ್ ಬೂಮಿನೊಳಗೆ, ಅಂದರೆ ಬಾಲ ಹೊತ್ತ ಕೊಳವೆಯೊಳಗೆ, ಸಿಕ್ಕಿಕೊಂಡಿದೆಯೇ ನೋಡಿದೆ (ಅಲ್ಲಿದ್ದರೆ ಸಿಗ್ನಲ್ ಮುಚ್ಚಿಹೋಗುತ್ತದೆ). ಹೊರಗೇ ಇತ್ತು. ರಾತ್ರಿ ವಿಮಾನವನ್ನು ಪಕ್ಕದ ಕೋಣೆಯಲ್ಲಿಟ್ಟು, ಸುಮ್ಮನೆ ರಬ್ಬರ್ ಆಂಟೆನಾವನ್ನು ಬುಡದಲ್ಲಿ ಬಗ್ಗಿಸಿದೆ. ಆ ಕೋಣೆಯಿಂದ ಸರ್ವೋಗಳ ಕಿರ್‌ಕಿರ್ ಕೇಳಿಸಿತು. ಬಿಟ್ಟರೆ ನಿಶ್ಶಬ್ದ. ಮತ್ತೆ ಬಗ್ಗಿಸಿದರೆ ಮತ್ತೆ ಕಿರ್‌ಕಿರ್.

ಬ್ಲೇಡಿನಿಂದ ರಬ್ಬರ್ ಸೀಳಿದೆ. ಹಿತ್ತಾಳೆಯ ತಿರುಪಿಗೆ ಬೆಸುಗೆ ಹಾಕಿದಲ್ಲೇ ತಂತಿ ತುಂಡಾಗಿತ್ತು, ಎರಡು ತುದಿಗಳು ಬರೀ ಒಂದಕ್ಕೊಂದು ತಾಗಿಕೊಂಡಿದ್ದವು. ಪ್ರತಿ ಎಸೆತಕ್ಕೂ ಆಂಟೆನಾ ಚಾಟಿಯಂತೆ ಬಳುಕುತ್ತಿತ್ತಲ್ಲ, ಆ ಬಳುಕಿನ ಭಾರವೆಲ್ಲ ಬೀಳುತ್ತಿದ್ದುದು ಅಲ್ಲಿಗೇ. ಹೊರಗಿನ ರಬ್ಬರ್ ಮಾತ್ರ ಹೊಸದರಂತೆ ಮಿರಮಿರ ಮಿಂಚುತ್ತಿತ್ತು.

ಮತ್ತೊಂದು ಗಿಡ್ಡದನ್ನೇ ಕೊಂಡೆ. ಆದರೆ ಪ್ರತಿ ಸಲ ಎಸೆಯುವ ಮುಂಚೆ ಬುಡ ಬಗ್ಗಿಸಿ ಸರ್ವೋ ನೋಡುತ್ತಿದ್ದೆ. ಟಾರಿ ಪೈನ್ಸ್ ಬಂಡೆಯಂಚಿನಿಂದ ಸಮುದ್ರದ ಮೇಲೆ ಹಾರಿಸುವಾಗ ಮಾತ್ರ ಉದ್ದ ಕಡ್ಡಿಯನ್ನೇ ಪೂರ್ತಿ ಎಳೆದು ಹಾಕುತ್ತಿದ್ದೆ. ಅಲ್ಲಿ ತಪ್ಪಿದರೆ ಹುಡುಕಲು ಪೊದೆಯೂ ಇಲ್ಲ.